ನೂರಾ ಹದಿನಾರು

ಹರಿಯುವುದಿಲ್ಲ ಎಂದಿದ್ದರು ಪಟ್ಟಿ ಕೊಡುವಾಗ.
ಲೊಡ್ವಾರಿನ ಆಫೀಸಿನಿಂದ ನನ್ನ ಪಾಲಿಗೆ ಬಂದದ್ದು ನಾಲ್ಕು:
ಹಸಿರು, ಹಳದಿ, ಕೆಂಪು, ಮೇಲೆ ಇರುವೆ ಸಾಲಿನಂಥ ಗೆರೆಗಳು.
ಒಂದನ್ನು ಮೇಕೆ ತಿಂದಿತು.

ಎಡತೋಳು.
ಭುಜದ ಮೂಳೆಯಿಂದ ಮೊಣಕೈವರೆಗೆ ನೋಡಿ
ಸರಿನಡುವೆ ಇದ್ದಿಲಿನ ಚುಕ್ಕೆಯಿಟ್ಟು
ಅಲ್ಲಿ ಸುತ್ತಬೇಕು. ಬಿಗಿಯಲ್ಲ, ಸಡಿಲವೂ ಅಲ್ಲ.
'ಚರ್ಮಕ್ಕೆ ತಾಗಬೇಕು, ಚರ್ಮ ಸುಕ್ಕಾಗಬಾರದು'
ಅಂದ ಕಲಿಸಲು ಬಂದ ಹುಡುಗ.
ಮದುವೆಯ ಹೊಸತರಲ್ಲಿ ನನ್ನ ಗಂಡನಿಗೂ
ಯಾರಾದರೂ ಇದನ್ನು ಹೇಳಿಕೊಡಬೇಕಿತ್ತು.

ಮಂಗಳವಾರ ಎವೋಯ್ ಮರದ ಕೆಳಗೆ ಸಾಲು.
ಎಷ್ಟು ತಿಂಗಳ ಮಗು?
'ಒಂಟೆಗಳಿಗೆ ಕೆಮ್ಮು ಬಂತಲ್ಲ,
ಅದಾದ ಮೇಲೆ ನದಿ ಒಮ್ಮೆ ಹರಿಯಿತಲ್ಲ, ಆಗ.'
ಹತ್ತೊಂಬತ್ತು ಎಂದು ಬರೆಯುತ್ತೇನೆ.
ಕೆಮ್ಮಿದ ಒಂಟೆಗಳಿಗೆ ಪುಸ್ತಕದಲ್ಲಿ ಕಾಲಮು ಇಲ್ಲ.

ಮಲಗಿಸಿ ಉದ್ದ ನೋಡುವ ಹಲಗೆ ಬೇರೆ ಇದೆ.
ತಲೆಗೊಬ್ಬರು, ಮೊಣಕಾಲಿಗೊಬ್ಬರು,
ಅಳು ಮಾತ್ರ ಊರಿಗೆಲ್ಲ.
ಆ ಹಲಗೆಗೆ ನಮ್ಮವರೆಂದರೆ ಗಲಿಬಿಲಿ:
ಉದ್ದ ಕಾಲು, ಸಪೂರ ಮೈ,
ಮಧ್ಯಾಹ್ನದಲ್ಲೂ ಸಂಜೆಯ ನೆರಳಿನಂತೆ ನಡೆಯುವ ಜನ.
ಎತ್ತರಕ್ಕೆ ತಕ್ಕ ತೂಕವಿಲ್ಲ ಎಂದು ಗೊಣಗುತ್ತದೆ ಕೋಷ್ಟಕ.
ಮುದುಕಿ ನಕುವಾ ಬೊಚ್ಚುಬಾಯಿ ತೆರೆದು ನಕ್ಕಳು:
'ಮೇಕೆಯ ಲೆಕ್ಕದಲ್ಲಿ ಒಂಟೆಯನ್ನು ತೂಗಿ
ಒಂಟೆಗೆ ರೋಗ ಅಂದರೆ ಹೇಗೆ?'

ನಕ್ಕದ್ದು ಸರಿ. ಆದರೆ ಕಳೆದ ತಿಂಗಳು
ದುಂಡು ಕೆನ್ನೆಯ ಹುಡುಗಿಯೊಬ್ಬಳು ಬಂದಿದ್ದಳು.
ಪಟ್ಟಿಯಲ್ಲಿ ಹಸಿರು. ಸಾಲಿನವರಿಗೆಲ್ಲ ಅವಳ ತಾಯಿಯ ಮೇಲೆ ಅಸೂಯೆ.
ಏನನ್ನಿಸಿತೋ, ಪಾದದ ಮೇಲೆ ಹೆಬ್ಬೆರಳೊತ್ತಿ
ಮೂರು ಎಣಿಸಿ ತೆಗೆದೆ.
ಕುಳಿ ಹಾಗೇ ಉಳಿಯಿತು,
ಹೊಂಡದಂಚಿನ ಕೆಸರಲ್ಲಿ ಗೊರಸು ಊರಿದಂತೆ.
ಹಸಿವು ನೀರಿನ ವೇಷ ಹಾಕಿಕೊಂಡೂ ಬರುತ್ತದೆ.
ಅಂದಿನಿಂದ ಹಸಿರು ಕಂಡಾಗಲೂ
ಹೆಬ್ಬೆರಳಿಗೆ ಸಮಾಧಾನವಿಲ್ಲ.

ಇವತ್ತು ಅಬೇನ್ಯೊ.
ಎಸೆಕೋನನನ್ನು ಬೆನ್ನಿನಿಂದಿಳಿಸಿದಳು.
ಅವನು ತಾನಾಗಿ ತೋಳು ಚಾಚಿದ; ಅಷ್ಟು ರೂಢಿ.
ಪಟ್ಟಿಯ ಕಿಂಡಿಯಲ್ಲಿ ಅಂಕಿ: ನೂರಾ ಹದಿನಾರು.
ನೂರಾ ಹದಿನಾಲ್ಕಾಗಿದ್ದರೆ ಕೆಂಪು,
ಕೆಂಪಿಗೆ ಕಡಲೆಕಾಯಿ ಪೇಸ್ಟಿನ ಪೊಟ್ಟಣಗಳು.
ಇದು ಹಳದಿ. ಹಳದಿಯ ಹಿಟ್ಟು ಈ ತಿಂಗಳು ಬಂದಿಲ್ಲ,
ಲಾರಿ ಎಲ್ಲಿ ಹೂತಿದೆಯೋ.

'ಸ್ವಲ್ಪ ಬಿಗಿ' ಅಂದಳು, ತುಟಿ ಅಲುಗಿಸದೆ.
'ಎರಡೇ ಗೆರೆ.'

ಎರಡು ಗೆರೆಯೆಂದರೆ
ಮೇಕೆಯ ಕಿವಿಯಲ್ಲಿ ಇನ್ನೂ ರಕ್ತ ಕುಡಿಯದ ಉಣ್ಣಿಯ ಅಗಲ.
ನನ್ನ ಬೆರಳಿಗೆ ಅದೇನು ಭಾರವೇ?
ಪೆಟ್ಟಿಗೆಯಲ್ಲಿ ಉಳಿದದ್ದೆಷ್ಟು ಎಂದು ನನಗೆ ಗೊತ್ತು.
ಸಾಲಿನ ತುದಿ ಕಾಣುತ್ತಿರಲಿಲ್ಲ.
ಹೊಟ್ಟೆ ಗೇಣುದ್ದವೆನ್ನುತ್ತಾರೆ,
ಆ ಗೇಣನ್ನು ಎರಡು ಗೆರೆಯಲ್ಲಿ ಸಾಬೀತು ಮಾಡಬೇಕು.
ಅಳೆದೂ ಸುರಿದೂ ಕೊನೆಗೆ
ಪಟ್ಟಿಯನ್ನು ಬಿಚ್ಚಿ ಅವಳ ಕೈಗಿಟ್ಟೆ.
'ನೀನೇ ಸುತ್ತು.'
ನಾನು ಬೇರೆಡೆ ನೋಡುತ್ತೇನೆ ಎಂದು ಹೇಳಲಿಲ್ಲ,
ನೋಡಿದೆ.

ಕತ್ತಿನ ಮಣಿಸರಗಳ ಸದ್ದು ಕೇಳಿಸಿತು, ಆಮೇಲೆ ನಿಂತಿತು.
ತಿರುಗಿದರೆ, ಸುತ್ತಿದ್ದಾಳೆ, ತುದಿಯನ್ನು ಹಿಡಿದಿದ್ದಾಳೆ,
ಎಳೆಯಲಾಗಿಲ್ಲ.
ಹೆತ್ತ ಕೈ ಮಗುವನ್ನು ಕಿರಿದು ಮಾಡಲು ಒಲ್ಲೆನೆಂದಿದೆ.
ನೂರಾ ಹದಿನೇಳು.

ಇಬ್ಬರೂ ಆ ಅಂಕಿಯನ್ನು ನೋಡುತ್ತ ಕುಳಿತೆವು.
ಹಿಂದಿನವಳು ಕೆಮ್ಮಿದಳು.
ಪುಸ್ತಕದಲ್ಲಿ ಏನು ಬರೆದೆನೆಂದು ಕೇಳಬೇಡಿ.

ಅಷ್ಟರಲ್ಲಿ ಎಸೆಕೋನ್
ಸಡಿಲಾದ ಪಟ್ಟಿಯನ್ನು ಬಾಯಿಗೆ ತಂದು
ಚೀಪತೊಡಗಿದ್ದ, ಕೆಂಪು ಇರುವ ಕಡೆ.